ತಾನೇ ನಡೆಯುವ ದೋಣಿಗೆ ನಾನು ಮಾಡಿದ ಪೂಜೆ

ದೋಣಿ ನಡೆಸುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ನಾನು ಕೆಪೆ ಪಟ್ಟಣದಲ್ಲಿ ಒಂಬತ್ತು ವರ್ಷ ಇಟ್ಟಿಗೆ ಹೊರುತ್ತಲೇ ಇರಲಿಲ್ಲ. ಪರದೆಯ ಮೇಲೆ ಸಮುದ್ರದ ನಕ್ಷೆ. ಅದರಲ್ಲಿ ಬೇತುಲ್ ಬಂದರಿನಿಂದ ದಕ್ಷಿಣದ ಪಾಲೋಲೆಂವರೆಗೆ ಎಳೆದಿಟ್ಟ ಗೆರೆ. ಆಟೋಪೈಲಟ್ ಗುಂಡಿ ಒತ್ತಿದರೆ ಚುಕ್ಕಾಣಿ ತಾನೇ ತಿರುಗಿ ದೋಣಿ ಆ ಗೆರೆ ಹಿಡಿದು ಹೋಗುತ್ತದೆ. ಕ್ಯಾಪ್ಟನ್ ಆದವನು ಕೈಕಟ್ಟಿ ಗಂಭೀರವಾಗಿ ನಿಂತರಾಯಿತು. ಗಂಭೀರವಾಗಿ ನಿಲ್ಲುವ ಕಲೆ ನನಗೆ ಹುಟ್ಟಿನಿಂದಲೇ ಬಂದಿದೆ!

ಆ ಹಾಯಿದೋಣಿಯ ಧಣಿಯನ್ನು ನಾವು ಪಾತ್ರಾಂವ್ ಎನ್ನುತ್ತೇವೆ. ಮೂರು ವರ್ಷ ಅವರ ದೋಣಿ ತೊಳೆದಿದ್ದೆ. ಹೊಸದಾಗಿ ಆಟೋಪೈಲಟ್ ಹಾಕಿಸಿದ ಮೇಲೆ, ಒಂದು ದಿನ ದೋಣಿ ನನ್ನ ಕೈಗೆ ಕೊಟ್ಟು ನೋಡುವುದಾಗಿ ಮೊದಲೇ ತಿಳಿಸಿದ್ದರು. ಆ ಬೆಳಿಗ್ಗೆ ಅವರು, ತಾವು ಕೆಳಗೆ ಕ್ಯಾಬಿನ್ನಿನಲ್ಲಿ ಕೂತಿರುವುದಾಗಿಯೂ, ದಾರಿಯಲ್ಲಿರುವ ಕಾಬೊ ದಿ ರಾಮದ ಬಂಡೆಗಳನ್ನು ದಾಟುವವರೆಗೆ ಮೇಲೆ ಬರುವ ಪ್ರಸಂಗ ಬರದಿದ್ದರೆ ನಾಳೆಯಿಂದ ನಾನೇ ಕ್ಯಾಪ್ಟನ್ ಎಂದೂ ಹೇಳಿದರು. ಹೆದರಿಕೆಯಾದರೆ ಕೆಂಪು ಗುಂಡಿ ಒತ್ತು, ಚುಕ್ಕಾಣಿ ನಿನ್ನ ಕೈಗೆ ಬರುತ್ತದೆ ಎಂದೂ ಹೇಳಿದರಂತೆ. ಕ್ಯಾಪ್ಟನ್ ಎಂಬ ಮಾತಿನ ನಂತರದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ.

ಹೊಸ ಯಂತ್ರಕ್ಕೆ ಪೂಜೆಯಿಲ್ಲದೆ ಕೈ ಹಚ್ಚುವ ರೂಢಿ ನಮ್ಮ ವಿಜಯಪುರದ ಕಡೆ ಇಲ್ಲ. ಟ್ರ್ಯಾಕ್ಟರಾಗಲಿ, ಹಿಟ್ಟಿನ ಗಿರಣಿಯಾಗಲಿ, ಮೊದಲು ಕುಂಕುಮ, ಆಮೇಲೆ ಕೆಲಸ. ಆಟೋಪೈಲಟ್‌ನ ಜೀವವೆಲ್ಲ ಕ್ಯಾಬಿನ್ ಸೀಟಿನ ಕೆಳಗಿರುವ ದಿಕ್ಸೂಚಿಯ ಪೆಟ್ಟಿಗೆಯಲ್ಲಿದೆ ಎಂದು ಕೇಳಿದ್ದೆ. ಪಾತ್ರಾಂವ್ ಬರುವ ಮೊದಲೇ ಸೀಟಿನ ಹಲಗೆ ಎತ್ತಿ, ಪೆಟ್ಟಿಗೆಗೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಪಕ್ಕದಲ್ಲೇ ಹನುಮಪ್ಪನನ್ನು ಕೂರಿಸಿದೆ. ಭಾವನ ಟೆಂಪೋದಲ್ಲಿ ಆರು ವರ್ಷ ಅಲುಗಾಡದೆ ನಿಂತಿದ್ದ ಹನುಮಪ್ಪ ಅವನು. ಪೀಠದಲ್ಲಿ ಗಟ್ಟಿ ಅಯಸ್ಕಾಂತವಿತ್ತು. ಅಲ್ಲಿದ್ದ ಕಬ್ಬಿಣದ ಪಟ್ಟಿಗೆ ಟಪ್ಪೆಂದು ಅಂಟಿಕೊಂಡ. ಶುಭಶಕುನ ಎಂದುಕೊಂಡೆ.

ನದಿಯ ಬಾಯಿ ದಾಟಿ, ಹಾಯಿ ಬಿಚ್ಚಿ, ಎಂಜಿನ್ ಸಣ್ಣಗಿಟ್ಟು ಗುಂಡಿ ಒತ್ತಿದೆ. ದಡ ನಮ್ಮ ಎಡಕ್ಕಿತ್ತು. ಬೀಚಿನಲ್ಲಿ ಮಣಿಸರ ಮಾರುವ ನನ್ನ ಹೆಂಡತಿ ಶಾಂತವ್ವ ಗಂಡನ ಪರಾಕ್ರಮ ನೋಡಲು ರೊಟ್ಟಿಗಂಟಿನ ಸಮೇತ ಬಂದಿದ್ದಳು. ಊರಿನ ಬಸ್ಸಿನಲ್ಲಿ ಬಿಸಿಲು ಯಾವ ಕಡೆ ಬೀಳುತ್ತದೆಂದು ಲೆಕ್ಕ ಹಾಕಿಯೇ ಸೀಟು ಹಿಡಿಯುವ ಹೆಂಗಸು. ಇಲ್ಲಿಯೂ ಬಿಸಿಲಿಗೆ ಬೆನ್ನು ಮಾಡಿ ಎಡಬದಿಗೆ ಕೂತಳು.

ಸ್ವಲ್ಪ ಹೊತ್ತಿಗೆ ಸೆರಗು ಮುಂದಕ್ಕೆಳೆದುಕೊಂಡಳು.

"ಏನ್ರೀ, ಬಿಸಲು ಬೆನ್ನಿಗಿತ್ತು. ಈಗ ಎಡಗಲ್ಲಕ್ಕ ಬೀಳಾಕತ್ತೈತಿ."

ಯಂತ್ರ ಯಾವುದೋ ಒಳದಾರಿ ಹಿಡಿದಿರಬೇಕು ಎಂದೆ. ಅಷ್ಟರಲ್ಲಿ ಅದು ಕೀಂಕೀಂ ಎಂದು ಕೂಗಿತು. ಗೆರೆ ತಪ್ಪಿದ್ದೇವೆ ಎಂಬ ಎಚ್ಚರಿಕೆ! ಪಾತ್ರಾಂವ್‌ಗೆ ಕೇಳೀತೆಂದು ಅದರ ಬಾಯಿ ಮುಚ್ಚಿಸಿದೆ. ಮತ್ತೆ ಕೂಗಿತು. ಮತ್ತೆ ಮುಚ್ಚಿಸಿದೆ. ಪರದೆಯಲ್ಲಿ ಗೆರೆ ಒಂದು ಕಡೆ, ನಾವು ಇನ್ನೊಂದು ಕಡೆ. ಗಾಳಿ ತಪ್ಪಿದ ಹಾಯಿ ಪಟಪಟ ಬಡಿದುಕೊಳ್ಳತೊಡಗಿತು. ಎದುರಿಗೆ ಕಪ್ಪು ಬಂಡೆಗಳು, ಅವುಗಳ ಬುಡದಲ್ಲಿ ಬಿಳಿ ನೊರೆ.

"ಪಾತ್ರಾಂವ್‌ರನ್ನ ಕರೀರಿ," ಎಂದಳು.

"ಕರದ್ರ ಕ್ಯಾಪ್ಟನ್ ಕೆಲಸ ಹೋಗ್ತೈತಿ."

"ಕರೀದಿದ್ರ ನಾವ ಹೋಗ್ತೀವಿ."

ಚುಕ್ಕಾಣಿ ಹಿಡಿದು ಎಳೆದೆ. ಆಟೋಪೈಲಟ್ ಬಿಡಲಿಲ್ಲ. ನಾನು ಬಲಕ್ಕೆ, ಅದು ಎಡಕ್ಕೆ. ಬಂಡೆಯ ಮೇಲಿನ ಏಡಿಗಳು ಕಾಣುವಷ್ಟು ಹತ್ತಿರ ಬಂದೆವು. ಶಾಂತವ್ವನನ್ನು ನಾನೇ ಕರೆತಂದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಬೆಳಿಗ್ಗೆ ಪಾತ್ರಾಂವ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದ ಅವಳು ಎದ್ದು ಬಂದು, ನನ್ನ ತೋಳಿನ ಕೆಳಗೆ ಕೈ ತೂರಿಸಿ ಕೆಂಪು ಗುಂಡಿ ಒತ್ತಿದಳು. ಚುಕ್ಕಾಣಿ ಗಕ್ಕನೆ ಸಡಿಲಾಯಿತು. ದೋಣಿ ಬಲಕ್ಕೆ ತಿರುಗಿತು, ನಾನು ರೊಟ್ಟಿಗಂಟಿನ ಮೇಲೆ ಬಿದ್ದೆ.

ಅಷ್ಟರಲ್ಲಿ ಪಾತ್ರಾಂವ್ ಮೇಲೆ ಬಂದರು. ಊದುಬತ್ತಿಯ ವಾಸನೆ ಎಲ್ಲಿಂದ ಬರುತ್ತಿದೆಯೆಂದು ಸೀಟಿನ ಹಲಗೆ ಎತ್ತಿದ್ದರಂತೆ. ಅವರ ಅಂಗೈಯಲ್ಲಿ ಹನುಮಪ್ಪನಿದ್ದ. ದಿಕ್ಸೂಚಿಯ ಪಕ್ಕ ಅಯಸ್ಕಾಂತ ಇಟ್ಟರೆ ಅದಕ್ಕೆ ದಿಕ್ಕೇ ತಪ್ಪುತ್ತದೆ, ಶಾಲೆಯಲ್ಲಿ ಇದನ್ನು ಹೇಳಿಕೊಡಲಿಲ್ಲವೇ ಎಂದು ಮೆಲ್ಲಗೆ ಕೇಳಿದರು. ಆ ದಿನ ನಾನು ಶಾಲೆಗೆ ಹೋಗಿರಲಿಲ್ಲ ಎಂದೆ. ಮತ್ತೆ ಆಟೋಪೈಲಟ್ ಹಚ್ಚಿದರು. ದೋಣಿ ಸದ್ದಿಲ್ಲದೆ ಗೆರೆಗೆ ಮರಳಿತು, ಬಿಸಿಲು ಶಾಂತವ್ವನ ಬೆನ್ನಿಗೆ ಮರಳಿತು.

ಕೆಂಪು ಗುಂಡಿ ಒತ್ತಿದ್ದು ಯಾರು ಎಂದು ಕೇಳಿದರು. ನಾನು ಎಂದು ಹೇಳಲು ಬಾಯಿ ತೆರೆದೆ. ಅವಳು ಪುಡಿಯಾದ ರೊಟ್ಟಿ ಆರಿಸುತ್ತ ನನ್ನನ್ನೇ ನೋಡುತ್ತಿದ್ದಳು. ನಾಚಿಕೆಯಾಗಿ ನಿಜ ಹೇಳಿದೆ.

ಪಾತ್ರಾಂವ್ ಮಾತಿಗೆ ತಪ್ಪಲಿಲ್ಲ. ಅಂದಿನಿಂದ ಅವರು ಶಾಂತವ್ವನನ್ನು ಕ್ಯಾಪ್ಟನ್ ಎಂದೇ ಕರೆಯುತ್ತಾರೆ. ನಾನು ಕ್ಯಾಪ್ಟನ್‌ನ ಗಂಡ. ದೋಣಿ ತೊಳೆಯುತ್ತೇನೆ.