ಜಯಸಿಂಹರ ಕೈಗುಣ

"ಇವೆರಡರ ಬಾಲ ನನ್ನ ಹೆಬ್ಬೆರಳಿನಷ್ಟು ದಪ್ಪ ಆಗ್ದಿದ್ರೆ ನನ್ನ ಹೆಸರು ಜಯಸಿಂಹ ಅಲ್ಲ!"

ಅಮೃತಹಳ್ಳಿಯ ತಮ್ಮ ಮನೆಯ ಊಟದ ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯೊಂದನ್ನು ಇಟ್ಟು ಜಯಸಿಂಹರು ಈ ಭೀಷ್ಮಪ್ರತಿಜ್ಞೆ ಮಾಡಿದಾಗ, ಅವರ ಹೆಂಡತಿ ಅಲಮೇಲು ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದರು. ತಲೆ ಎತ್ತದೆಯೇ, ಮೊದಲು ಅದನ್ನು ಊಟದ ಮೇಜಿನಿಂದ ಕೆಳಗಿಳಿಸಿ ಎಂದರು. ಪೆಟ್ಟಿಗೆ ಕೆಳಗಿಳಿಯಿತು. ಪ್ರತಿಜ್ಞೆ ಮಾತ್ರ ಮೇಲೆಯೇ ಉಳಿಯಿತು.

ಪೆಟ್ಟಿಗೆಯಲ್ಲಿದ್ದದ್ದು ಎರಡು ಹಲ್ಲಿ. ನಮ್ಮ ನಿಮ್ಮ ಮನೆಯ ಟ್ಯೂಬ್‌ಲೈಟಿನ ಹಿಂದೆ ಬಾಡಿಗೆ ಕೊಡದೆ ವಾಸಿಸುವ ಹಲ್ಲಿಗಳಲ್ಲ. ಲೆಪರ್ಡ್ ಗೆಕ್ಕೋ ಎಂಬ ಸಾಕುಹಲ್ಲಿಗಳು. ಹಳದಿ ಮೈ, ಮೈತುಂಬ ಚಿರತೆಯ ಚುಕ್ಕೆ, ಗೋಡೆ ಹತ್ತಲು ಬಾರದು, ಮುಖದಲ್ಲಿ ಸದಾ ಒಂದು ಮುಗುಳ್ನಗೆ. ಉಂಡದ್ದನ್ನೆಲ್ಲ ಕೊಬ್ಬು ಮಾಡಿ ಬಾಲದಲ್ಲಿ ಕೂಡಿಡುವ ಜಾತಿಯಂತೆ ಇದು. ಬಾಲ ದಪ್ಪಗಿದ್ದರೆ ಆರೋಗ್ಯ, ಸಣ್ಣಗಾದರೆ ಕಷ್ಟ. ಇವೆರಡರ ಬಾಲವೋ, ಒಣ ಶ್ಯಾವಿಗೆಯ ಎಳೆಯಾಗಿತ್ತು.

ಇವುಗಳ ಮೊದಲ ಯಜಮಾನ ಜಯಸಿಂಹರ ಆಫೀಸಿನ ಪುನೀತ್. ಅವನಿಗೆ ಮದುವೆ ಗೊತ್ತಾಗಿತ್ತು. ಹುಡುಗಿ ರಾಣಿ, ನಿಮಗೆ ಹಲ್ಲಿ ಬೇಕೋ ನಾನು ಬೇಕೋ ಎಂದು ಕೇಳಿದ್ದಳು. ಛತ್ರ, ಬಟ್ಟೆ, ಅಡುಗೆಯವರು ಎಂದು ಅಲೆಯುವುದರಲ್ಲಿ ಪುನೀತ್ ಆ ಪ್ರಾಣಿಗಳಿಗೆ ಊಟ ಹಾಕುವುದನ್ನೇ ಮರೆತಿದ್ದ. ಇವು ಉಳಿಯೋದು ಕಷ್ಟ ಸಾರ್ ಎಂದು ಅವನು ಊಟದ ಹೊತ್ತಿನಲ್ಲಿ ಕಣ್ಣು ಒರೆಸಿಕೊಂಡಾಗ, ಜಯಸಿಂಹರು ಮೊಸರನ್ನದ ಡಬ್ಬಿಯನ್ನು ಪಟ್ಟೆಂದು ಮುಚ್ಚಿ, ಇಡೀ ಆಫೀಸಿಗೆ ಕೇಳುವಂತೆ ನಾನಿದ್ದೀನಿ ಎಂದುಬಿಟ್ಟರು.

ಹಾಗನ್ನುವುದಕ್ಕೆ ಅವರಿಗೆ ಒಂದು ಒಳಗಿನ ಕಾರಣವಿತ್ತು. ಅವರು ಸಾಕಿದ್ದು ಯಾವುದೂ ಈವರೆಗೆ ಬದುಕಿರಲಿಲ್ಲ. ಬಣ್ಣದ ಮೀನು ತಂದರು. ಹೊತ್ತು ಹೊತ್ತಿಗೆ ನೀರು ಬದಲಿಸಿದರು. ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ತುಳಸಿ ನೆಟ್ಟರು, ಬೇರು ಬಿಟ್ಟಿದೆಯೋ ಇಲ್ಲವೋ ಎಂದು ಪ್ರತಿ ಬೆಳಿಗ್ಗೆ ಮೆಲ್ಲಗೆ ಎತ್ತಿ ನೋಡಿದರು, ತುಳಸಿ ಒಣಗಿತು. ಯಾರ ಮನೆಯಲ್ಲೂ ಸಾಯದ ಮನಿಪ್ಲಾಂಟ್ ಕೂಡ ಇವರ ಉಪಚಾರ ತಾಳಲಾರದೆ ತೀರಿಕೊಂಡಿತು. ಆವತ್ತು ಅಲಮೇಲು, "ನಿಮ್ಮ ಕೈಗುಣ ಸರಿಯಿಲ್ಲ ಕಣ್ರೀ" ಎಂದಿದ್ದರು. ಹುಡುಗಾಟಕ್ಕೆ ಆಡಿದ ಮಾತು. ಆದರೆ ಜಯಸಿಂಹರಿಗೆ ಅದು ಬಹಳ ನೋವು ಕೊಟ್ಟಿತ್ತು. ತನ್ನ ಕೈಯಲ್ಲಿ ಒಂದೇ ಒಂದು ಜೀವ ಕೊಬ್ಬಿ ಬೆಳೆಯಲಿ, ಅದನ್ನು ಇವಳು ಕಣ್ಣಾರೆ ನೋಡಲಿ ಎಂಬುದಷ್ಟೇ ಈಗ ಅವರ ಆಸೆ.

ಇನ್ನು ಅಲಮೇಲು. ಹಲ್ಲಿಯ ವಿಷಯದಲ್ಲಿ ಆಕೆ ಸಾಮಾನ್ಯ ಹೆಂಗಸಲ್ಲ. ಕಂಚಿಯ ವರದರಾಜಸ್ವಾಮಿ ದೇವಸ್ಥಾನದ ಚಿನ್ನದ ಹಲ್ಲಿ, ಬೆಳ್ಳಿ ಹಲ್ಲಿಗಳನ್ನು ಮುಟ್ಟಿ ಬಂದವರು. ಮೈಮೇಲೆ ಹಲ್ಲಿ ಬಿದ್ದರೆ ದೋಷ, ಕಂಚಿಯ ಹಲ್ಲಿ ಮುಟ್ಟಿದವರನ್ನು ಮುಟ್ಟಿದರೆ ಆ ದೋಷ ಪರಿಹಾರ ಎಂಬುದು ನಿಮಗೆ ಗೊತ್ತೇ ಇದೆ. ಹಾಗಾಗಿ ಬೀದಿಯಲ್ಲಿ ಯಾರ ಮೇಲೆ ಹಲ್ಲಿ ಬಿದ್ದರೂ ತಲೆಗೆ ನೀರು ಹಾಕಿಕೊಂಡು ನೇರ ಇವರ ಬಾಗಿಲಿಗೆ ಬರುತ್ತಿದ್ದರು. ಅಲಮೇಲು ಸೆರಗಿಗೆ ಕೈ ಒರೆಸಿಕೊಂಡು ಬಲಗೈ ಚಾಚುತ್ತಿದ್ದರು. ಮುಟ್ಟಿದವರು ನಿರಾಳವಾಗಿ ಮನೆಗೆ ಹೋಗುತ್ತಿದ್ದರು.

ಜಯಸಿಂಹರೂ ಆ ಸಲ ಕಂಚಿಗೆ ಹೋಗಿದ್ದರಲ್ಲ ಎಂದು ನೀವು ಕೇಳಬಹುದು. ಹೋಗಿದ್ದರು. ಆದರೆ ಹಲ್ಲಿ ಮುಟ್ಟಲು ನಿಂತಿದ್ದ ಸಾಲು ನೋಡಿ, ಇದಕ್ಕೆಲ್ಲ ಕ್ಯೂ ಯಾಕೆ, ನಮ್ಮ ಮನೆ ಗೋಡೆ ಮೇಲಿಲ್ಲವೇ ಎಂದು ನಕ್ಕು, ಅಲ್ಲಿಯ ಶುಂಠಿ ಮೆಣಸಿನ ಇಡ್ಲಿ ತಿನ್ನಲು ಹೊರಟುಹೋಗಿದ್ದರು. ಆ ಇಡ್ಲಿಯ ರುಚಿಯನ್ನು ಅವರು ಇವತ್ತಿಗೂ ವರ್ಣಿಸುತ್ತಾರೆ.

"ಬಿದ್ದ ದೋಷಕ್ಕೆ ನನ್ನ ಹತ್ರ ಪರಿಹಾರ ಇದೆ, ಕೊಂದ ದೋಷಕ್ಕಿಲ್ಲ" ಎಂದರು ಅಲಮೇಲು. "ಇವುಗಳಲ್ಲಿ ಒಂದು ಸತ್ರೂ ಆ ಕೈಲಿ ದೇವರ ಮನೆ ಬಾಗಿಲು ಮುಟ್ಟಬೇಡಿ."

ಜಯಸಿಂಹರು ಸವಾಲು ಸ್ವೀಕರಿಸಿದರು. ಹಲ್ಲಿಗಳಿಗೆ ಜಯ, ವಿಜಯ ಎಂದು ಹೆಸರಿಟ್ಟರು. ವೈಕುಂಠದ ಬಾಗಿಲು ಕಾಯುತ್ತಿದ್ದವರು ಶಾಪದಿಂದ ಭೂಮಿಗೆ ಬಂದರಲ್ಲ, ಅವರೇ. ಆ ಶಾಪಕ್ಕೆ ಈ ವಿಳಾಸ ಕೊಟ್ಟವರು ಯಾರು ಎಂದು ಅಲಮೇಲು ಗೊಣಗಿದರು.

ಶುರುವಾಯಿತು ನೋಡಿ ಶುಶ್ರೂಷೆ! ಸೊಂಟನೋವಿನ ಹೀಟಿಂಗ್ ಪ್ಯಾಡು ಪೆಟ್ಟಿಗೆಯ ಅಡಿಗೆ ಹೋಯಿತು. ಸೊಂಟ ಹಾಗೇ ನರಳಿತು. ಬೆಳಿಗ್ಗೆ ಎದ್ದ ಕೂಡಲೇ ಇಬ್ಬರಿಗೂ ಸೋಪಿನ ಡಬ್ಬಿಯಲ್ಲಿ ಉಗುರುಬೆಚ್ಚಗಿನ ನೀರಿನ ಸ್ನಾನ, ಆಫೀಸಿನಿಂದ ಬಂದ ಮೇಲೆ ಮತ್ತೊಂದು. ಕಾಲ್ಬೆರಳಿಗೆ ಅಂಟಿದ ಹಳೆ ಪೊರೆಯನ್ನು ಹತ್ತಿಕಡ್ಡಿಯಲ್ಲಿ ಒರೆಸುವುದು. ಅಂಗಾತ ಮಲಗಿಸಿ ಹೊಟ್ಟೆ ನೋಡುವುದು. ಹೆಬ್ಬೆರಳನ್ನು ಬಾಲದ ಪಕ್ಕ ಇಟ್ಟು ಅಳೆಯುವುದು. ಮರೆಗೆಂದು ಇಟ್ಟ ಕರಟವನ್ನು ಎತ್ತಿ, ಇದ್ದೀರೇನ್ರಪ್ಪಾ ಎಂದು ವಿಚಾರಿಸುವುದು. ಜಯ ವಿಜಯರು ಏನೂ ತಿನ್ನದೆ ಮುಗುಳ್ನಗುತ್ತಿದ್ದರು. ಆ ನಗು ನೋಡಿದಾಗೆಲ್ಲ ಜಯಸಿಂಹರು ಇನ್ನೊಂದು ಸಲ ಬಾಲ ಅಳೆಯುತ್ತಿದ್ದರು.

ಇವುಗಳ ಊಟವೆಂದರೆ ಜೀವಂತ ಹುಳ. ಆರ್.ಟಿ. ನಗರದಲ್ಲಿ ಸಾಕುಪ್ರಾಣಿ ಅಂಗಡಿ ಇಟ್ಟಿದ್ದ ಮುನ್ನಾ, ಕಿರ್ರೆನ್ನುವ ಜೀರುಂಡೆಗಳ ಒಂದು ಡಬ್ಬಿಯನ್ನೇ ಕೊಟ್ಟ. ಈರುಳ್ಳಿಗೂ ವಾರಕ್ಕೆರಡು ದಿನ ರಜೆ ಕೊಡುವ ಅಯ್ಯಂಗಾರರ ಮನೆಯೊಳಗೆ ಆ ಡಬ್ಬಿ ಬಂತು. ಒಂದು ಜೀವ ಉಳಿಸೋಕೆ ಒಂದು ಡಬ್ಬಿ ಜೀವ ತೆಗೀತೀರಾ ಎಂದು ಅಲಮೇಲು ಕೇಳಿದರು. ಜೀರುಂಡೆಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಬೇಕು ಎಂದು ಮುನ್ನಾ ಹೇಳಿದ್ದ. ಇವರು ಕವರಿಗೆ ಪುಡಿ ಸುರಿದು ಜೀರುಂಡೆಗಳನ್ನು ಹಾಕಿ ಕುಲುಕಿದರು. ಪುಡಿ ಮೂಗಿಗೆ ಹೋಯಿತು. ಜಯಸಿಂಹರ ಸೀನೆಂದರೆ ಎದುರುಮನೆಯ ನಾಯಿ ಬೊಗಳುವಂಥ ಸೀನು. ಕವರು ಕೈಜಾರಿತು, ಮೈಗೆಲ್ಲ ಬಿಳಿ ಪುಡಿ ಬಳಿದುಕೊಂಡ ಜೀರುಂಡೆಗಳು ಮನೆ ತುಂಬ ಹಾರಿದವು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಮೌನ ಎಂಬುದು ಉಳಿಯಲಿಲ್ಲ. ಫ್ರಿಜ್ಜಿನ ಹಿಂದೆ ಕಿರ್ರ್, ಗ್ರೈಂಡರಿನ ಅಡಿಯಲ್ಲಿ ಕಿರ್ರ್. ಅಲಮೇಲು ವಿಷ್ಣುಸಹಸ್ರನಾಮ ಹೇಳಲು ಕೂತರೆ ದೇವರ ಮನೆಯ ಮೂಲೆಯಿಂದ ಯಾರೋ ಶ್ರುತಿ ಹಿಡಿಯುತ್ತಿದ್ದರು. ಇದನ್ನು ಕೇಳಿ ಬೀದಿಯ ಗೋಡೆಹಲ್ಲಿಗಳೆಲ್ಲ ಸಂಸಾರ ಸಮೇತ ಇವರ ಮನೆಗೆ ಬಂದವು. ಕ್ಯಾಲ್ಸಿಯಂ ಸವರಿದ ಜೀರುಂಡೆ ಅವುಗಳಿಗೆ ಯಾವ ಜನ್ಮದಲ್ಲಿ ಸಿಕ್ಕಿತ್ತು ಹೇಳಿ! ತಿಂದವು, ಉಬ್ಬಿದವು, ತಮ್ಮ ಭಾರ ತಾವೇ ತಾಳಲಾರದೆ ಸೂರಿನಿಂದ ತಪ ತಪ ಎಂದು ಬೀಳತೊಡಗಿದವು.

ಮೊದಲು ಬಿದ್ದದ್ದು ಪಕ್ಕದ ಮನೆಯ ವರಲಕ್ಷ್ಮಮ್ಮನ ಮೇಲೆ. ಹರಟೆಗೆಂದು ಸಂಜೆ ಬಂದು ಕೂರುವ ಅಮೃತಹಳ್ಳಿಯ ಹಳೇ ಮನೆತನದ ಹೆಂಗಸು ಆಕೆ. ಎಡಭುಜದ ಮೇಲೆ ಬಿತ್ತು. ಅಲಮೇಲು ಕೈ ಚಾಚಿದರು. ಮರುದಿನ ನೆತ್ತಿಯ ಮೇಲೆ. ಮತ್ತೆ ಕೈ ಚಾಚಿದರು. ಆಮೇಲೆ ಕೊರಿಯರಿನವನು, ಗ್ಯಾಸಿನವನು, ಚಂದಾ ಕೇಳಲು ಬಂದ ಗಣೇಶೋತ್ಸವದವರು. ಹಿಟ್ಟು ಕಲಸುವುದನ್ನು ನಿಲ್ಲಿಸಿ ಕೈ ತೊಳೆದು ಚಾಚಿ ಚಾಚಿ ಅಲಮೇಲುವಿಗೆ ಸಾಕುಸಾಕಾಯಿತು.

"ನಿಮ್ಮನೇಗೆ ಬಂದ್ರೇನೆ ದೋಸ ಅತ್ಕೊಳ್ತದೆ, ನಿಮ್ಮನೇಲೇ ಓಯ್ತದೆ" ಎಂದರು ವರಲಕ್ಷ್ಮಮ್ಮ. "ಇಂಗಾದ್ರೆ ಎಂಗೆ ಅಲಮೇಲಮ್ಮ?"

ಜಯಸಿಂಹರಿಗೆ ಇದಾವುದೂ ಬೇಕಿರಲಿಲ್ಲ. ಕರೆಯದೆ ಬಂದ ಹಲ್ಲಿಗಳೆಲ್ಲ ಇವರ ಖರ್ಚಿನಲ್ಲಿ ದುಂಡಗಾಗಿದ್ದವು. ಕಣ್ಣಲ್ಲಿ ಕಣ್ಣಿಟ್ಟು ಸಾಕುತ್ತಿದ್ದ ಎರಡು ಮಾತ್ರ, ಮತ್ತೆ ತಂದು ಹಾಕಿದ ಹುಳವನ್ನೂ ಮುಟ್ಟದೆ, ಬಾಡುತ್ತಿದ್ದವು. ಹತಾಶರಾಗಿ ಸ್ನಾನದ ಹೊತ್ತು ಹೆಚ್ಚಿಸಿದರು. ಬಾಲ ಅಳೆಯುವುದನ್ನೂ ಹೆಚ್ಚಿಸಿದರು. ಒಂದು ಭಾನುವಾರ ಬೆಳಿಗ್ಗೆ ಕರಟ ಎತ್ತಿದರೆ ಜಯ ಕಣ್ಣು ಮುಚ್ಚಿ ಬಿದ್ದಿತ್ತು. ಎತ್ತಿಕೊಂಡರೆ ಅಂಗೈಯಲ್ಲಿ ಹಾಗೇ ಜೋತುಬಿತ್ತು. ಮುಖದಲ್ಲಿ ಆಗಲೂ ಅದೇ ನಗು.

ಜಯಸಿಂಹರು ಬಚ್ಚಲುಮನೆಯ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟರು. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಅಳದ ಮನುಷ್ಯ.

"ನೀನು ಹೇಳಿದ್ದೇ ನಿಜ ಅಲಮೇಲು. ನನ್ನ ಕೈಲಿ ಏನೂ ಉಳಿಯಲ್ಲ."

ಅಲಮೇಲು ಬಾಗಿಲಲ್ಲಿ ನಿಂತು ನೋಡಿದರು. ಆಡಿದ್ದ ಆ ಹಳೇ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ಅವರಿಗೆ ಅನ್ನಿಸಿತು. ಆದರೆ ಸಂಸಾರದಲ್ಲಿ ಅಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುವುದು ಅವರ ಅಭ್ಯಾಸವಲ್ಲ. ಉಸಿರಾಡ್ತಿದೆ ಏಳಿ, ಆಟೋ ಕರೀರಿ ಎಂದಷ್ಟೇ ಹೇಳಿದರು. ಸಹಕಾರನಗರದ ಪ್ರಾಣಿವೈದ್ಯೆ ಪ್ರತಿಭಾ ಅವರ ಕ್ಲಿನಿಕ್ಕಿನವರೆಗೂ ಆ ಪೆಟ್ಟಿಗೆ ಅಲಮೇಲುವಿನ ಮಡಿಲಲ್ಲೇ ಇತ್ತು.

ಡಾಕ್ಟರು ಎರಡನ್ನೂ ಪರೀಕ್ಷೆ ಮಾಡಿ, ಹೇಗೆ ನೋಡಿಕೊಳ್ಳುತ್ತಿದ್ದೀರಿ ಎಂದು ಕೇಳಿದರು. ಜಯಸಿಂಹರು ಕಣ್ಣು ಒರೆಸಿಕೊಂಡು ಒಂದೂ ಬಿಡದೆ ವರದಿ ಒಪ್ಪಿಸಿದರು: ಎರಡು ಹೊತ್ತಿನ ಸ್ನಾನ, ಹತ್ತಿಕಡ್ಡಿ, ಅಂಗಾತ ಮಲಗಿಸುವುದು, ಬಾಲದ ಅಳತೆ, ಕರಟ ಎತ್ತಿ ಕುಶಲ ವಿಚಾರಿಸುವುದು. ತಾಯಿಯೂ ಇಷ್ಟು ನೋಡಿಕೊಳ್ಳುವುದಿಲ್ಲ ಎಂಬ ಸಣ್ಣ ಹೆಮ್ಮೆಯೂ ದನಿಯಲ್ಲಿತ್ತು. ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಸರ್, ಇಷ್ಟರ ಮಧ್ಯೆ ಅವಕ್ಕೆ ಊಟ ಮಾಡೋಕೆ ಟೈಮ್ ಎಲ್ಲಿ ಕೊಟ್ರಿ?"

ಕಾಯಿಲೆ ಏನೂ ಇಲ್ಲ, ಉಪವಾಸ ಮತ್ತು ಭಯ ಎಂದರು ಡಾಕ್ಟರು. ಇವು ಕೈ ಕಂಡರೆ ಹೆದರುವ ಪ್ರಾಣಿಗಳು. ಹೆದರಿದರೆ ಊಟ ಬಿಡುತ್ತವೆ, ಜಾಸ್ತಿ ಹೆದರಿದರೆ ಬಾಲವನ್ನೇ ಕಳಚಿಬಿಡುತ್ತವೆ. ಕೆಲವು ದಿನ ಬಾಯಿಗೆ ಟಾನಿಕ್ಕಿನ ಹನಿ ಹಾಕಬೇಕು, ಆಮೇಲೆ ಬಟ್ಟಲಲ್ಲಿ ಹುಳ ಇಟ್ಟು, ಬೆಚ್ಚಗಿನ ಕತ್ತಲೆ ಮೂಲೆಯಲ್ಲಿ ಬಿಟ್ಟುಬಿಡಬೇಕು. ಇದನ್ನೆಲ್ಲ ಹೇಳುವಾಗ ಅವರು ನೋಡುತ್ತಿದ್ದದ್ದು ಅಲಮೇಲುವನ್ನು.

"ಮತ್ತೆ ನಾನು?" ಎಂದರು ಜಯಸಿಂಹರು.

"ನೀವು ಪೆಟ್ಟಿಗೆಗೆ ಕೈ ಹಾಕಬೇಡಿ. ಅದೇ ಔಷಧಿ."

ಯಾವ ವೈದ್ಯರೂ ಯಾವ ಗಂಡಸಿಗೂ ಇಂಥ ಚೀಟಿ ಬರೆದುಕೊಟ್ಟಿರಲಾರರು. ಮನೆಗೆ ಬಂದು ಅಲಮೇಲು, ಕಂಚಿಯಲ್ಲಿ ಮುಟ್ಟಿದ್ದೂ ಹಲ್ಲಿಯೇ, ಇದೂ ಹಲ್ಲಿಯೇ ಎಂದು ಗಟ್ಟಿಮನಸ್ಸು ಮಾಡಿ ಹನಿ ಹಾಕಿದರು. ಆಮೇಲೆ ಹುಳದ ಬಟ್ಟಲನ್ನು, ಹುಳಗಳ ಕ್ಷಮೆ ಕೇಳಿ, ಇಕ್ಕಳದಲ್ಲಿ ಹಿಡಿದು ಇಡತೊಡಗಿದರು. ಜಯಸಿಂಹರು ಕೋಣೆಯ ಆಚೆ ತುದಿಯಲ್ಲಿ ಕೈ ಕಟ್ಟಿ ಕೂತು, ಮೊಬೈಲಿನ ಕ್ಯಾಮೆರಾ ಹಿಗ್ಗಿಸಿ ನೋಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ಬಟ್ಟಲು ಖಾಲಿಯಾಗಿರುತ್ತಿತ್ತು. ಜೀರುಂಡೆ ಮುಗಿದಂತೆ ಬಿಟ್ಟಿ ಹಲ್ಲಿಗಳೂ ಬೇರೆ ಮನೆ ನೋಡಿಕೊಂಡವು. ಶ್ಯಾವಿಗೆಯಂತಿದ್ದ ಬಾಲಗಳು ಹುರುಳಿಕಾಯಿಯಾದವು, ಮೆಲ್ಲಮೆಲ್ಲಗೆ ಬೆರಳಿನ ಗಾತ್ರಕ್ಕೆ ಬಂದವು. ಜಯಸಿಂಹರಿಗೆ ಸಂತೋಷವೂ ಆಯಿತು, ಹೊಟ್ಟೆಯುರಿಯೂ ಆಯಿತು. ಕೈ ಹಾಕದೆ ಇರುವುದೂ ಒಂದು ಕೈಗುಣವೇ ಎಂದು ತಮಗೆ ತಾವೇ ಹೇಳಿಕೊಂಡರು.

ಅಷ್ಟರಲ್ಲಿ ಮದುವೆ ಮುಗಿಸಿದ ಪುನೀತ್ ಹೆಂಡತಿ ರಾಣಿಯ ಜೊತೆ ಮನೆಗೆ ಬಂದ. ವರಲಕ್ಷ್ಮಮ್ಮನೂ ಸೂರಿನ ಮೇಲೆ ಒಂದು ಕಣ್ಣಿಟ್ಟು ಕೂತಿದ್ದರು. ಪೆಟ್ಟಿಗೆಯ ಮುಂದೆ ಮಂಡಿಯೂರಿದ ಪುನೀತನಿಗೆ ನಂಬಲಾಗಲಿಲ್ಲ.

"ಸಾರ್, ಇವು ನಂದೇನಾ? ಏನ್ ಮಾಡಿದ್ರಿ ಸಾರ್?"

ಏನೂ ಮಾಡಲಿಲ್ಲ ಎಂಬ ಸತ್ಯ ಜಯಸಿಂಹರ ಗಂಟಲವರೆಗೆ ಬಂತು. ಬಂದು ಅಲ್ಲೇ ನಿಂತಿತು. ಪುನೀತನ ಕಣ್ಣಲ್ಲಿ ಅಷ್ಟೊಂದು ಗೌರವ! ಹೆಬ್ಬೆರಳಿನ ಪ್ರತಿಜ್ಞೆ ಬೇರೆ ನೆನಪಾಯಿತು. ಪಕ್ಕದಲ್ಲಿಟ್ಟು ತೋರಿಸಿದರೆ ಏನು ಮಹಾ ಎಂದು ಮುಚ್ಚಳ ಸರಿಸಿದರು. ಕಾಫಿಯ ತಟ್ಟೆ ಹಿಡಿದು ಬರುತ್ತಿದ್ದ ಅಲಮೇಲು ರೀ, ಬೇಡ ಎನ್ನುವಷ್ಟರಲ್ಲಿ ಕೈ ಒಳಗೆ ಹೋಗಿಯೇ ಬಿಟ್ಟಿತು.

ಜಯ ಹಾರಿ ಕರಟದೊಳಗೆ ಸೇರಿಕೊಂಡಿತು. ಬಾಲ ಮಾತ್ರ ಜಯಸಿಂಹರ ಅಂಗೈಯಲ್ಲೇ ಉಳಿಯಿತು. ಉಳಿದು ಸುಮ್ಮನಿರಲಿಲ್ಲ, ಪಟಪಟ ಎಂದು ಕುಣಿಯಿತು. ಆ ಮನೆ ಇಷ್ಟು ದಿನ ಪಟ್ಟ ಪಾಡೆಲ್ಲ ಕೊಬ್ಬಾಗಿ ಅಲ್ಲಿತ್ತು, ಸರಿಯಾಗಿ ಹೆಬ್ಬೆರಳಿನ ಗಾತ್ರ. ರಾಣಿ ಸೋಫಾ ಹತ್ತಿದಳು. ವರಲಕ್ಷ್ಮಮ್ಮ ಸುಮ್ಮನೆ ಎದ್ದು ಮನೆಗೆ ಹೊರಟರು.

ಪುನೀತ್ ಡಾಕ್ಟರಿಗೆ ಫೋನು ಹಚ್ಚಿದ. ಜೀವಕ್ಕೇನೂ ಅಪಾಯವಿಲ್ಲ, ಬೇರೆ ಬಾಲ ಬೆಳೆಯುತ್ತದೆ, ಸದ್ಯ ಅವರ ಕೈ ಹಿಡಿದುಕೊಂಡಿರಿ ಎಂದರಂತೆ.

ಕುಣಿದು ದಣಿದ ಬಾಲವನ್ನು ಜಯಸಿಂಹರು ಮೆಲ್ಲಗೆ ಪೆಟ್ಟಿಗೆಯ ಮುಚ್ಚಳದ ಮೇಲಿಟ್ಟರು. ಅಲಮೇಲು ಕಾಫಿ ತಟ್ಟೆ ಕೆಳಗಿಟ್ಟರು. ಬೈಯಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಬೀದಿಯವರಿಗೆಲ್ಲ ಚಾಚುವ ಹಾಗೆಯೇ ಗಂಡನ ಮುಂದೆ ಬಲಗೈ ಚಾಚಿದರು. ಅಂದು ಕಂಚಿಯಲ್ಲಿ ಇಡ್ಲಿಗೆ ಹೋದ ಮಹಾನುಭಾವರು ಆ ಕೈಯನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದುಕೊಂಡರು. ಕಣ್ಣು ತುಂಬಿತ್ತು. ಪುನೀತ್ ದಂಪತಿ ನೋಡುತ್ತಿದ್ದಾರೆಂಬ ಪರಿವೆಯೂ ಇಲ್ಲದೆ ಹಿಡಿದೇ ನಿಂತರು.

ಅಲಮೇಲು ಮೆಲ್ಲಗೆ ಹೇಳಿದರು:

"ಸಾಕು, ಬಿಡ್ರೀ. ಇನ್ನೂ ಹಿಡ್ಕೊಂಡಿದ್ರೆ ನಂದೂ ಏನಾದ್ರೂ ಉದುರುತ್ತೆ."