ಮೆಗ್ನೀಷಿಯಂ ಮತ್ತು ನನ್ನ ಮೀನಖಂಡ

ಯಾರಾದರೂ ‘ಇದನ್ನು ತಿನ್ನಿ, ಮೈಗೆ ಒಳ್ಳೆಯದು’ ಎಂದರೆ ನನಗೆ ಮೊದಲು ಬರುವುದು ಹಸಿವಲ್ಲ, ಸಿಟ್ಟು. ಚಿಕ್ಕಂದಿನಲ್ಲಿ ಹರಳೆಣ್ಣೆ ಕುಡಿಸಲು ಮನೆಮಂದಿಯೆಲ್ಲ ಸೇರಿ ನನ್ನ ಕೈಕಾಲು ಹಿಡಿದುಕೊಳ್ಳುತ್ತಿದ್ದರು. ಮೂಗು ಹಿಡಿಯುವ ಕೆಲಸ ಅಜ್ಜಿಯದು. ಆ ಅಜ್ಜಿಯ ಬೆರಳು ಕಚ್ಚಿದವಳು ಎಂಬ ಕೀರ್ತಿ ಧಾರವಾಡದ ನಮ್ಮ ಓಣಿಯಲ್ಲಿ ನನಗೆ ಮದುವೆಯಾಗುವ ತನಕವೂ ಇತ್ತು. ಬೆಂಗಳೂರಿಗೆ ಬಂದ ಮೇಲೆ ಕಚ್ಚುವುದನ್ನು ಬಿಟ್ಟು ವಾದಿಸುವುದನ್ನು ರೂಢಿಸಿಕೊಂಡೆ.

ಎಪ್ಪತ್ತರ ದಶಕದ ಕೊನೆ ಅದು. ನಮ್ಮವರಿಗೆ ಯಶವಂತಪುರದ ಕಾರ್ಖಾನೆಯಲ್ಲಿ ಕೆಲಸ, ನನಗೆ ಯಲಹಂಕದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ. ಯಲಹಂಕದ ಪಕ್ಕದ ಕೋಗಿಲು ಎಂಬ ಹಳ್ಳಿಯಲ್ಲಿ ಮುನಿಯಮ್ಮನವರ ಮನೆಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ನಮ್ಮ ಕಡೆಯ ಜೋಳ ಅಲ್ಲಿ ಸಿಗುತ್ತಿರಲಿಲ್ಲ. ನಾವು ಸಾಮಾನು ಇಳಿಸಿದ ದಿನವೇ ಮುನಿಯಮ್ಮನವರು ಬಿಸಿ ರಾಗಿಮುದ್ದೆ ತಂದಿಟ್ಟು, “ಅಗೀಬ್ಯಾಡ ಕಣವ್ವ. ಇಂಗೆ ಮುರ್ದು, ಸಾರಿಗೆ ಅದ್ದಿ, ನುಂಗು” ಎಂದರು. ಬಾಯಲ್ಲಿ ಹಲ್ಲಿರುವಾಗ ನುಂಗುವುದೇಕೆ ಎಂಬುದು ನನ್ನ ಪ್ರಶ್ನೆ. ಅಗಿದೆ. ಮುದ್ದೆ ಹಲ್ಲಿಗೆ, ಅಂಗುಳಿಗೆ, ಕೊನೆಗೆ ನನ್ನ ಮಾತಿಗೂ ಅಂಟಿಕೊಂಡಿತು. ಅಂದಿನಿಂದ ನಮ್ಮ ಮನೆಯಲ್ಲಿ ಬೆಳಗ್ಗೆ ಬ್ರೆಡ್ಡು, ಹೊತ್ತುಹೊತ್ತಿಗೆ ಬಿಳಿ ಅನ್ನ, ನಡುನಡುವೆ ಕಾಫಿ. ಸೊಪ್ಪು ಸೋಸಲು ಪುರುಸೊತ್ತಿಲ್ಲ ಎಂದು ಅದನ್ನೂ ಕೈಬಿಟ್ಟೆ. ಅನ್ನ ಬೆಳ್ಳಗಾದಷ್ಟೂ ಸಂಸಾರ ಮೇಲೆ ಬರುತ್ತಿದೆ ಎಂದು ನಾನು ನಿಜವಾಗಿಯೂ ನಂಬಿದ್ದೆ.

ಕಾಲು ಹಿಡಿಯಲು ಶುರುವಾದದ್ದು ಆಮೇಲೆ. ಬಸ್ಸಿನ ಮೆಟ್ಟಿಲೇರುವಾಗ ಒಮ್ಮೆ, ಪ್ರಾರ್ಥನೆಗೆ ನಿಂತಾಗ ಒಮ್ಮೆ, ಮೀನಖಂಡ ಇದ್ದಕ್ಕಿದ್ದಂತೆ ಸೆಟೆದುಕೊಳ್ಳುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಏನಾದರೂ ತಿನ್ನಲು ಹೇಳುತ್ತಾರಲ್ಲ.

ಗುಟ್ಟು ರಟ್ಟಾದದ್ದು ಒಂಬತ್ತನೇ ತರಗತಿಯಲ್ಲಿ, ಮೆಗ್ನೀಷಿಯಂ ಪಟ್ಟಿ ಸುಟ್ಟು ತೋರಿಸುವ ದಿನ. ಅದು ನನಗೆ ಹಬ್ಬ. ಇಕ್ಕಳದಲ್ಲಿ ಹಿಡಿದು ಸ್ಪಿರಿಟ್ ದೀಪಕ್ಕೆ ಒಡ್ಡಿದೆ. ಬೆಳಕು ಝಗ್ಗೆಂದ ಗಳಿಗೆಯಲ್ಲೇ ಬಲಗಾಲಿನ ಮೀನಖಂಡ ಕಲ್ಲಾಯಿತು. “ಅಯ್ಯಯ್ಯೋ ಯವ್ವಾ!” ಎಂದು ಚೀರಿ, ಇಕ್ಕಳವನ್ನು ಮರಳಿನ ತಟ್ಟೆಗೆ ಎಸೆದು, ಕರಿಹಲಗೆಯ ತನಕ ಕುಂಟಾಬಿಲ್ಲೆ ಆಡಿದೆ. ಪ್ರಯೋಗ ಬಹಳ ಚೆನ್ನಾಗಿ ಬಂದಿದೆ ಎಂದುಕೊಂಡು ಮಕ್ಕಳು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ಹೆಡ್‌ಮಾಸ್ತರರು ಬಂದರು.

“ಮೇಡಂ, ಕೈಯಲ್ಲಿ ಬೆಂಕಿ ಇಟ್ಕೊಂಡು ಹಿಂಗಾದ್ರೆ ಮಕ್ಕಳ ಗತಿ ಏನು? ಮುಂದಿನ ವರ್ಷ ಈ ಕ್ಲಾಸು ಬೇರೆಯವರಿಗೆ ಕೊಡ್ತೀನಿ. ನೀವು ಆರಾಮಾಗಿ ಕೂತ್ಕೊಂಡು ಭೂಗೋಳ ಹೇಳ್ಕೊಡಿ.”

“ಆಗಂಗಿಲ್ರೀ ಸರ್. ಕಾಲು ಹಿಡದದ್ದು ನನಗ. ಭೂಗೋಳ ಏನು ತಪ್ಪು ಮಾಡೇತಿ?”

“ಹಾಗಾದ್ರೆ ಬೇಸಿಗೆ ರಜದಲ್ಲಿ ಡಾಕ್ಟರ್‌ಗೆ ತೋರಿಸಿ. ಶಾಲೆ ಶುರುವಾದಾಗ ನೋಡೋಣ” ಎಂದು ಅವರು ಹೊರಟುಹೋದರು.

ನಮ್ಮ ಪ್ರಯೋಗಶಾಲೆ ಎಂದರೆ ಒಂದು ಬೀರು, ಸುಟ್ಟ ಕಲೆಗಳಿರುವ ಒಂದು ಉದ್ದನೆಯ ಮೇಜು, ಅಷ್ಟೆ. ಆದರೆ ಈ ಊರಿನಲ್ಲಿ ನನ್ನದು ಎನ್ನಿಸಿದ್ದ ಜಾಗ ಅದೊಂದೇ. ಅದನ್ನು ಬಿಟ್ಟುಕೊಡುವುದಕ್ಕಿಂತ ಡಾಕ್ಟರ ಮುಂದೆ ಕೂರುವುದು ಮೇಲು ಎನಿಸಿತು.

ಯಲಹಂಕದ ಆ ಡಾಕ್ಟರು ಮಿತಭಾಷಿ ಹೆಂಗಸು. ರಕ್ತ, ಸಕ್ಕರೆ, ನನ್ನ ಹಿಮ್ಮಡಿ ಎತ್ತರದ ಚಪ್ಪಲಿ ಎಲ್ಲ ನೋಡಿ, ನಾನು ಏನೇನು ಉಣ್ಣುತ್ತೇನೆ ಎಂದು ಕೇಳಿ, “ನಿಮ್ಮ ಊಟದಲ್ಲಿ ಮೆಗ್ನೀಷಿಯಂ ಸಾಲದೇ ಇರಬಹುದು ಕಣ್ರೀ” ಎಂದರು.

ನನಗೆ ನಗು ಬಂತು. “ಡಾಕ್ಟ್ರೇ, ಅದನ್ನ ನಾ ವರ್ಷಾ ವರ್ಷಾ ಸುಡತೀನ್ರೀ.”

“ಸುಟ್ರೆ ಸಾಲದು, ತಿನ್ನಬೇಕು. ಸ್ನಾಯು ಬಿಗಿಯಾಗೋಕೆ ಕ್ಯಾಲ್ಸಿಯಂ ಬೇಕು, ಸಡಿಲ ಆಗೋಕೆ ಮೆಗ್ನೀಷಿಯಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ತೌಡಿನ ಜೊತೆ ಅದೂ ಹೋಗಿರುತ್ತೆ. ರಾಗಿ, ಸೊಪ್ಪು, ಕಾಳು, ಕಡಲೇಕಾಯಿ ತಿನ್ನಿ, ಚೆನ್ನಾಗಿ ನೀರು ಕುಡೀರಿ, ಕಾಫಿ ಕಮ್ಮಿ ಮಾಡಿ.”

ಮನೆಗೆ ಬಂದು ಹೇಳಿದರೆ ನಮ್ಮವರು, “ಡಾಕ್ಟರ್ ಖರೇ ಹೇಳ್ಯಾರ. ಹಿಡದದ್ದನ್ನ ಬಿಡೂದು ನಿನಗ ಹುಟ್ಟಿದಾಗಿಂದ ಗೊತ್ತಿಲ್ಲ” ಎಂದು ನಕ್ಕರು. ಆ ಸಂಜೆ ಅವರೊಡನೆ ಮಾತು ಬಿಟ್ಟೆ. ನನಗೂ ಬಿಡಲು ಬರುತ್ತದೆ ಎಂದು ತೋರಿಸಬೇಕಿತ್ತು.

ಸರಿ, ತಿನ್ನುತ್ತೇನೆ, ಆದರೆ ನನ್ನ ರೀತಿಯಲ್ಲಿ ಎಂದು ನಿರ್ಧರಿಸಿದೆ. ರಾಗಿಹಿಟ್ಟಿಗೆ ಕುದಿನೀರು ಹಾಕಿ ನಾದಿ, ಜೋಳದ ರೊಟ್ಟಿಯಂತೆ ಬಡಿಯಲು ಕುಳಿತೆ. ರಾಗಿ ನನಗಿಂತ ಹಟಮಾರಿ. ಮೊದಮೊದಲು ರೊಟ್ಟಿಯ ಅಂಚು ಸೀಳಿ, ಹೆಂಚಿಗೆ ಹಾಕುವಷ್ಟರಲ್ಲಿ ಚೂರುಚೂರಾಗುತ್ತಿತ್ತು. ಚೂರುಗಳನ್ನೇ ತಿಂದೆವು. ಸದ್ದು ಕೇಳಿ ಮುನಿಯಮ್ಮನವರು ಬಾಗಿಲಿಗೆ ಬಂದು ಬೆರಗಾಗಿ ನಿಂತರು.

“ರಾಗಿ ಅಸಿಟ್ಟಿಗೆ ಯಾಕವ್ವ ಇಂಗೆ ಒಡೀತಿದೀಯ? ಅದೇನ್ ಮಾಡ್ತು ನಿಂಗೆ?”

“ನಾ ನುಂಗಂಗಿಲ್ರೀ ಅಮ್ಮಾ. ಅಗದ ತಿನ್ನಾಕಿ.”

ಶೇಂಗಾ ಚಟ್ನಿ ಹಚ್ಚಿ ಒಂದು ರೊಟ್ಟಿ ಕೊಟ್ಟೆ. ತಿಂದು ಮುಗಿಸಿ, “ರುಚಿ ಐತೆ. ಆದ್ರೆ ಇದು ತಿಂಡಿ, ಊಟ ಅಲ್ಲ” ಎಂದು ತೀರ್ಪು ಕೊಟ್ಟರು. ಮಾರನೆಯ ದಿನದಿಂದ ಅವರ ಹಿತ್ತಲಿನ ದಂಟಿನ ಸೊಪ್ಪು ನಮ್ಮ ಅಡುಗೆಮನೆಗೆ ಬರತೊಡಗಿತು. ಮಧ್ಯಾಹ್ನದ ಕಾಫಿ ನಿಲ್ಲಿಸಿದಾಗ ಮಾತ್ರ ತಲೆನೋವು ಬಂದು, ಪಾತ್ರೆಗಳ ಮೇಲೆಲ್ಲ ಸಿಟ್ಟು ತೀರಿಸಿಕೊಂಡೆ. ರಜೆ ಮುಗಿಯುವ ಹೊತ್ತಿಗೆ ಕಾಲು ಹಿಡಿಯುವುದು ನಿಂತಿತ್ತು.

ಶಾಲೆ ಶುರುವಾದ ಮೇಲೆ, ಆ ಪಾಠ ಬರುವ ತನಕ ಕಾಯಲೂ ತಾಳ್ಮೆಯಿಲ್ಲದೆ, ಹೊಸ ಒಂಬತ್ತನೇ ತರಗತಿಗೆ ಮೆಗ್ನೀಷಿಯಂ ಸುಟ್ಟು ತೋರಿಸಿದೆ. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ಬೆಳಕನ್ನಲ್ಲ, ನನ್ನ ಕಾಲನ್ನೇ ನೋಡುತ್ತಿದ್ದರು. ಪೀರಿಯಡ್ ಮುಗಿಯುವ ತನಕ ನಾನು ಮೇಜಿಗೆ ಒರಗಲೂ ಇಲ್ಲ. ಭೂಗೋಳದ ಮಾತೆತ್ತದೆ ಅವರು ಹೊರಟುಹೋದರು.

ಗೆದ್ದ ಹುಮ್ಮಸ್ಸಿನಲ್ಲಿ ಡಾಕ್ಟರಿಗೆ ವರದಿ ಒಪ್ಪಿಸಲು ಹೋದೆ. ಅವರು ಎಲ್ಲ ಕೇಳಿ ನನ್ನ ಪಾದ ನೋಡಿದರು. “ಹಿಮ್ಮಡಿ ಎತ್ತರದ ಚಪ್ಪಲಿ ಹಾಕ್ತಿದ್ರಲ್ಲ, ಬಿಟ್ರಾ?”

“ಅದು ಕಿತ್ತು ಹೋತ್ರೀ.”

“ನೀರೂ ಜಾಸ್ತಿ ಕುಡೀತಿದ್ದೀರಿ, ರಜದಲ್ಲಿ ಕಾಲಿಗೆ ವಿಶ್ರಾಂತಿನೂ ಸಿಕ್ತು. ಮೆಗ್ನೀಷಿಯಂ ಒಂದರಿಂದಲೇ ವಾಸಿಯಾಯ್ತು ಅಂತ ಹೇಳೋಕಾಗಲ್ಲ ಕಣ್ರೀ.”

ನಾನು ಎದ್ದು ನಿಂತೆ. ರೊಟ್ಟಿ ಬಡಿದು ಅಂಗೈ ಕೆಂಪಾಗಿಸಿಕೊಂಡವಳು ನಾನು. ಗೆಲುವನ್ನು ಕಿತ್ತುಹೋದ ಚಪ್ಪಲಿಗೆ ಬಿಟ್ಟುಕೊಡಲೆ? ಸ್ನಾಯುವಿಗೆ ಅದು ಹೇಗೆ ಬೇಕು, ನರಕ್ಕೆ ಹೇಗೆ ಬೇಕು, ಎಲುಬಿಗೂ ಎದೆಬಡಿತಕ್ಕೂ ಹೇಗೆ ಬೇಕು ಎಂದು, ಹಿಂದಿನ ಬೆಂಚಿಗೂ ಕೇಳುವ ದನಿಯಲ್ಲಿ, ಮೆಗ್ನೀಷಿಯಂ ಪರವಾಗಿ ಒಂದು ಇಡೀ ಪಾಠ ಮಾಡಿದೆ. ಹೊರಗೆ ಕಾಯುತ್ತಿದ್ದ ರೋಗಿಗಳು ಪರದೆ ಸರಿಸಿ ಇಣುಕಿದರು. ಡಾಕ್ಟರು ಪೆನ್ನು ಕೆಳಗಿಟ್ಟು ಕೊನೆಯ ತನಕ ಕೇಳಿದರು.

“ಆಯ್ತು ಮೇಡಂ, ಮೆಗ್ನೀಷಿಯಮ್ಮೇ. ಈಗ ಕೂತ್ಕೊಳ್ಳಿ, ಬಿಪಿ ನೋಡ್ತೀನಿ.”

ನಾನು ಕೂರಲಿಲ್ಲ. ನಿಂತೇ ತೋಳು ಚಾಚಿದೆ.