ಬೊಬ್ಲಿಂಗೆನ್ನಿನಲ್ಲೊಂದು ಹೊಸೂರು

ಕನ್ನಡಿಗರು ಕಟ್ಟದ ಊರು ಭೂಮಿಯ ಮೇಲೆ ಇಲ್ಲವೇ ಇಲ್ಲ! ಇದು ನನ್ನ ಮಾತಲ್ಲ, ನಮ್ಮ ಕಾಕಾನದು. ಕಾರು ಕಂಪನಿಯ ಎಂಜಿನಿಯರ್ ಆಗಿ ಜರ್ಮನಿಯ ಬೊಬ್ಲಿಂಗೆನ್ ಊರಿಗೆ ಬಂದವರು, ಬಿಡುವಾದಾಗಲೆಲ್ಲ ಊರ ಹೆಸರುಗಳನ್ನು ಬಿಚ್ಚಿ ಒಳಗಿನ ಕನ್ನಡ ಹೊರತೆಗೆಯುತ್ತಾರೆ.

"ಬೊಬ್ಲಿಂಗೆನ್! ನಡುವ ಏನೈತಿ? ಲಿಂಗ! ಶರಣರು ಇಲ್ಲೀತನಕ ಬಂದಿದ್ರಲೇ!"

"ಹಂಗಾರ ಪಕ್ಕದ ಸಿಂಡೆಲ್‌ಫಿಂಗೆನ್, ಕಾಕಾ?"

"ಅಲ್ಲಿ ಲಿಂಗ ಕಳುವಾಗೇತಿ."

ಪಕ್ಕದ ಮನೆಯ ಜರ್ಮನ್ ಅಜ್ಜಿಗೂ ಇದನ್ನು ವಿವರಿಸಿದರು. ಆಕೆ ಪಾಪ, "ಹಾಗಾದರೆ ನಾವು ಮನೆ ಖಾಲಿ ಮಾಡಬೇಕೇ?" ಎಂದಳು.

ನಾವು ಗಡ್ಡ ಮಾಡಿಸುವ ಅಂಗಡಿಯ ಯಜಮಾನರು ಪ್ಯಾಲೆಸ್ಟೀನಿನ ನಾಬ್ಲುಸ್ ಊರಿನವರು. ಅಲ್ಲಿನ ಆಲಿವ್ ಎಣ್ಣೆಯ ಸಾಬೂನು ಬಿಟ್ಟು ಬೇರೆಯದನ್ನು ಮುಟ್ಟರು. ಒಂದು ಶನಿವಾರ ನಗುತ್ತ ತಮ್ಮೂರಿನ ಕಥೆ ತೆಗೆದರು. ಹಿಂದೆ ಅಲ್ಲಿ ಲುಸ್ ಎಂಬ ಭಾರಿ ಹಾವಿತ್ತಂತೆ. ಜನ ಅದನ್ನು ಕೊಂದು ಹಲ್ಲನ್ನು ಊರಬಾಗಿಲಿಗೆ ನೇತುಹಾಕಿದರಂತೆ. ಅವರ ಭಾಷೆಯಲ್ಲಿ ನಾಬ್ ಎಂದರೆ ಹಲ್ಲು.

ಕಾಕಾ ಸುಮ್ಮನಿರಬೇಕಲ್ಲ! ಮುಖದ ತುಂಬ ನೊರೆ, ಗಂಟಲ ಮೇಲೆ ಕತ್ತಿ. ಆದರೂ ಜರ್ಮನ್‌ನಲ್ಲಿ ಘೋಷಿಸಿಯೇಬಿಟ್ಟರು. ಅವರ ಜರ್ಮನ್ನೂ ನನಗೆ ಬಾಗಲಕೋಟೆ ಕನ್ನಡದಂತೆಯೇ ಕೇಳಿಸುತ್ತದೆ: "ಹಾವು ಅಂದ್ರ ನಾಗ! ನಿಮ್ಮೂರು ಕಟ್ಟಿದವರು ನಾವ!"

ಕತ್ತಿ ನಿಂತಿತು.

"ನಮ್ಮೂರು ತಮ್ಮದು ಅನ್ನೋರು ಈಗಾಗಲೇ ಬಹಳ ಜನ ಇದ್ದಾರೆ," ಎಂದರು ಯಜಮಾನರು. "ನೀವೂ ಶುರು ಮಾಡಬೇಡಿ. ನನ್ನ ಅಮ್ಮ ಇನ್ನೂ ಅಲ್ಲೇ ಇದ್ದಾಳೆ."

ನನಗಂತೂ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಕೊನೆಗೆ ಯಜಮಾನರೇ ತಣ್ಣಗಾದರು.

"ಹಾವಿನ ಹಲ್ಲು ಅಜ್ಜಿಕಥೆ ಬಿಡಿ. ಊರು ಕಟ್ಟಿದವರು ರೋಮನ್ನರು. ನಿಯಾಪೊಲಿಸ್ ಅಂತ ಗ್ರೀಕ್ ಹೆಸರಿಟ್ಟರು. ಅರಬ್ಬಿಯಲ್ಲಿ 'ಪ' ಇಲ್ಲವಲ್ಲ, ನಮ್ಮ ಬಾಯಲ್ಲಿ ನಾಬ್ಲುಸ್ ಆಯ್ತು. ಅರ್ಥ ಇಷ್ಟೇ, ಹೊಸ ಊರು."

"ಹೊಸೂರು!" ಕಾಕಾ ಕುರ್ಚಿಯಲ್ಲೇ ನೆಟ್ಟಗಾದರು. ಮುಗೀತು, ಮತ್ತೆ ಶುರುವಾಯಿತು ಎಂದುಕೊಂಡೆ. ಆದರೆ ಅವರು ಕೇಳಿದ್ದೇ ಬೇರೆ. "ಹಂಗಾರ ಹಳೇ ಊರು ಎಲ್ಲೈತಿ?"

"ಪಕ್ಕದಲ್ಲೇ ಇದೆ. ಈಗ ದಿಬ್ಬ. ಅಗೆದಿದ್ದಾರೆ, ಹಳೇ ಗೋಡೆ ನೋಡಬಹುದು."

"ನೋಡಬಹುದಾ? ಪುಣ್ಯವಂತರು ನೀವು." ಕಾಕಾ ನೊರೆ ತುಂಬಿದ ಮುಖವನ್ನು ಅವರತ್ತ ತಿರುಗಿಸಿದರು. "ನಮ್ಮದೂ ಹೊಸೂರ. ಹಳೇದು ಡ್ಯಾಮಿನ ನೀರಾಗ ಮುಳುಗೇತಿ. ನಮ್ಮವ್ವ ಸಾಯೋತನಕ ಹೊಸದನ್ನ ಊರು ಅನ್ನಲಿಲ್ಲ."

ಯಜಮಾನರು ಬಿಸಿ ಟವೆಲ್ಲಿನಿಂದ ಅವರ ಮುಖ ಒರೆಸಿದರು. ನೊರೆ ಹೋದ ಮೇಲೂ ಒರೆಸುತ್ತಲೇ ಇದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ, ಅವರನ್ನು ನಗಿಸೋಣವೆಂದು ಕೇಳಿದೆ: "ಕಾಕಾ, ಬೊಬ್ಲಿಂಗೆನ್ ನಮ್ಮದ ಹೌದಿಲ್ಲೋ?"

ಕಾಕಾ ಕಿಟಕಿಯಾಚೆ ನೋಡುತ್ತಲೇ ಇದ್ದರು.

"ಬ್ಯಾಡ ಬಿಡೋ," ಎಂದರು. "ಅವರೂರು ಅವರಿಗೇ ಇರಲಿ."